ಮಕ್ಕಳ ದುಡ್ಡು ಮಕ್ಕಳಿಗೆ ಕೊಡಿ

ಹಬ್ಬ ಮುಗಿಸಿ ಊರಿಗೆ ಹೊರಟ ಸೋದರಮಾವ ಬಾಗಿಲಲ್ಲಿ ನಿಂತು ಜೇಬಿಗೆ ಕೈ ಹಾಕುತ್ತಾನೆ. ಮಗು ಅಮ್ಮನ ಮುಖ ನೋಡುತ್ತದೆ. ‘ಅಯ್ಯೋ, ಅದೆಲ್ಲ ಯಾಕಣ್ಣಾ’ ಎಂದು ಅಮ್ಮ ಬಾಯಲ್ಲಿ ಬೇಡವೆಂದು, ಕಣ್ಣಲ್ಲಿ ಹೂಂ ಎನ್ನುತ್ತಾಳೆ. ಇನ್ನೂರರ ನೋಟು ಪುಟ್ಟ ಮುಷ್ಟಿ ಸೇರುತ್ತದೆ. ಮಾವನ ಬೈಕು ಬೀದಿಯ ತಿರುವು ದಾಟಿತೋ ಇಲ್ಲವೋ, ‘ಕೊಡಿಲ್ಲಿ, ನಾನು ಎತ್ತಿಟ್ಟಿರ್ತೀನಿ, ನೀನು ಕಳ್ಕೊಂಡುಬಿಡ್ತೀಯ.’

ಆ ನೋಟು ಮತ್ತೆ ಮಗುವಿನ ಕೈಗೆ ಬಂದದ್ದುಂಟೇ? ಎದೆ ಮುಟ್ಟಿಕೊಂಡು ಹೇಳಿ.

ಮಕ್ಕಳಿಗೆ ಉಳಿತಾಯ ಕಲಿಸಬೇಕೆಂದು ಎಲ್ಲರೂ ಹೇಳುತ್ತೇವೆ. ಜಾತ್ರೆಯಿಂದ ಮಣ್ಣಿನ ಹುಂಡಿ ತಂದುಕೊಡುತ್ತೇವೆ. ತಿಂಗಳ ಕೊನೆಗೆ ಗ್ಯಾಸ್ ಸಿಲಿಂಡರಿನವನು ಬಂದಾಗ ಅದೇ ಹುಂಡಿಯನ್ನು ತಲೆಕೆಳಗು ಹಿಡಿದು, ಸೀಳಿನೊಳಗೆ ಹಿಡಿಕಡ್ಡಿ ತೂರಿಸಿ ನೋಟು ಎಳೆಯುವವರೂ ನಾವೇ. ಮಗು ಶಾಲೆಯಿಂದ ಬರುವುದರೊಳಗೆ ಹುಂಡಿ ಗೂಡಿಗೆ ವಾಪಸ್ಸು. ಆದರೆ ಅದರ ತೂಕ ಮಗುವಿಗೆ ಗೊತ್ತು. ದಿನಾ ಎತ್ತಿ ಅಲ್ಲಾಡಿಸಿ ನೋಡುವ ಕೈ ಅದು. ಕೂಡಿಟ್ಟದ್ದು ಹೋಗುತ್ತದೆ, ತಿಂದದ್ದಷ್ಟೇ ನಮ್ಮದು: ನಾವು ಕಲಿಸಿದ ಪಾಠ ಇದು. ಮರುದಿನ ಸಿಕ್ಕ ಹತ್ತು ರೂಪಾಯಿಯನ್ನು ಮಗು ಅಂಗಡಿಯಲ್ಲಿ ಉಡಾಯಿಸಿ ಬಂದರೆ ದುಂದುಗಾರ ಎನ್ನಲು ನಮಗೆ ಬಾಯಿ ಎಲ್ಲಿದೆ? ಅದು ಲೆಕ್ಕ ಹಾಕಿಯೇ ಖರ್ಚು ಮಾಡಿದೆ.

ಲೆಕ್ಕ ಇಡಲು ಬಾರದ ಜನವಲ್ಲ ನಾವು. ಮದುವೆಯ ಮುಯ್ಯಿ ಪುಸ್ತಕ ತೆಗೆದು ನೋಡಿ. ಯಾವ ಊರಿನ ಯಾರು ನೂರೊಂದು ಓದಿಸಿದರು, ಯಾರು ಕುಕ್ಕರ್ ಕೊಟ್ಟರು, ಎಲ್ಲ ಅದರಲ್ಲಿದೆ. ಎಷ್ಟೋ ವರ್ಷದ ಮೇಲೆ ಅವರ ಮನೆಯ ಮದುವೆಗೆ ಹೊರಡುವಾಗ ಆ ಪುಸ್ತಕ ಬಿಚ್ಚಿ, ಅದಕ್ಕಿಂತ ಒಂದು ರೂಪಾಯಿ ಕಡಿಮೆಯಾಗದಂತೆ ತೀರಿಸುತ್ತೇವೆ. ನೆಂಟರಿಗೆ ಇಷ್ಟು ನಿಯತ್ತು, ಹೆತ್ತ ಮಗುವಿಗೆ ಒಂದು ಸಾಲಿನ ಲೆಕ್ಕವೂ ಇಲ್ಲ!

ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಸ್ಥಾಪಕರಲ್ಲೊಬ್ಬರಾದ ಡಾ. ಟಿ.ಎಂ.ಎ. ಪೈ ಅವರ ಕಾಲದ ಮಾತು. ದಿನಕ್ಕೆ 2 ಆಣೆಯಿಂದಲೂ ಉಳಿಸಬಹುದಿತ್ತು. ಬ್ಯಾಂಕಿನ ಏಜೆಂಟರೇ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುತ್ತಿದ್ದರು. ಬಡವರು ಆ ಆಣೆಗಳನ್ನು ಯಾಕೆ ನಂಬಿ ಕೊಟ್ಟರು? ಕೊಟ್ಟದ್ದಕ್ಕೆ ಲೆಕ್ಕವಿತ್ತು, ಕೇಳಿದಾಗ ಹಣ ವಾಪಸ್ಸು ಬರುತ್ತಿತ್ತು. ಮಗುವಿಗೆ ಮೊದಲ ಬ್ಯಾಂಕು ನಾವು. ನಾವು ಮಾತ್ರ ಕಟ್ಟಿಸಿಕೊಳ್ಳುವುದನ್ನಷ್ಟೇ ಬಲ್ಲೆವು.

ಬಡತನ ಗೊತ್ತಿಲ್ಲದ ಮಾತಲ್ಲ ಇದು. ಸಂಘದ ವಾರದ ಕಂತು ಕಟ್ಟಲು ಮಗುವಿನ ಹುಂಡಿ ಬಿಟ್ಟರೆ ಬೇರೆ ದಾರಿಯಿಲ್ಲದ ಮನೆಗಳಿವೆ. ತೆಗೆದುಕೊಳ್ಳಿ, ಆದರೆ ಕೇಳಿ ತೆಗೆದುಕೊಳ್ಳಿ. ‘ಪುಟ್ಟೀ, ಈ ವಾರ ಮನೆಗೆ ನಿನ್ನ ಮುನ್ನೂರು ಬೇಕು, ಅಪ್ಪನ ಬಟವಾಡೆ ದಿನ ಕೊಡ್ತೀನಿ’ ಎನ್ನಿ. ಆ ದಿನ ಮರೆಯದೆ ಕೊಡಿ. ಸಾಲ, ವಾಯಿದೆ, ಮಾತು, ಮೂರನ್ನೂ ಏಳು ವರ್ಷದ ಹುಡುಗಿ ಅಷ್ಟರಲ್ಲೇ ಕಲಿಯುತ್ತಾಳೆ. ಮನೆಯ ಕಷ್ಟದಲ್ಲಿ ತನ್ನದೂ ಒಂದು ಹೆಗಲಿದೆ ಎಂಬುದೂ ಅವಳಿಗೆ ತಿಳಿಯುತ್ತದೆ.

ಈಗಂತೂ ಮಕ್ಕಳ ಕಣ್ಣಿಗೆ ದುಡ್ಡೇ ಕಾಣುವುದಿಲ್ಲ. ಅಪ್ಪ ಮೊಬೈಲು ಹಿಡಿಯುತ್ತಾನೆ, ಅಂಗಡಿಯ ಡಬ್ಬಿ ಕೂಗುತ್ತದೆ, ಸಾಮಾನು ಚೀಲಕ್ಕೆ ಬೀಳುತ್ತದೆ. ಕೈಗೆ ಬರುವುದೇ ಅಪರೂಪದ ಒಂದೆರಡು ನೋಟು. ಅದನ್ನೂ ಕಸಿಯಬೇಕೇ? ಇರಲಿ ಬಿಡಿ, ಕಳೆದರೂ ಕಳೆಯಲಿ. ಬೇಡದ ಆಟಿಕೆ ಕೊಂಡು ಎರಡೇ ದಿನಕ್ಕೆ ಮುರಿದುಕೊಂಡು ಅಳಲಿ. ಮೂವತ್ತರ ವಯಸ್ಸಿನಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ಲು ಹಿಡಿದು ಅಳುವುದಕ್ಕಿಂತ ಇದು ಅಗ್ಗ.

ಹತ್ತು ತುಂಬಿದ ಮಕ್ಕಳು ಸ್ವಂತ ಹೆಸರಲ್ಲಿ ಉಳಿತಾಯ ಖಾತೆ ತೆರೆದು ತಾವೇ ನಡೆಸಲು ಬ್ಯಾಂಕುಗಳು ಬಿಡಬಹುದೆಂದು ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೇಳಿದೆ. ಅಂಚೆ ಕಚೇರಿಯಲ್ಲೂ ಹಾಗೆಯೇ. ಕರೆದುಕೊಂಡು ಹೋಗಿ. ಚಲನ್ನು ಅವರೇ ತುಂಬಲಿ, ತಪ್ಪಿದರೆ ಇನ್ನೊಂದು ಕೇಳಿ ಪಡೆಯಲಿ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ.

ಹೆಣ್ಣುಮಕ್ಕಳ ತಂದೆತಾಯಂದಿರಿಗೆ ಇನ್ನೊಂದು ಪ್ರಶ್ನೆ. 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಯನ್ನು ನೀವೂ ಮಾಡಿಸಿರಬಹುದು. ಹದಿನೆಂಟು ತುಂಬಿದ ಮೇಲೆ ಅದನ್ನು ನಡೆಸಬೇಕಾದವಳು ಅವಳೇ. ಬೀರುವಿನಲ್ಲಿ ಸೀರೆಗಳ ಕೆಳಗಿರುವ ಆ ಪಾಸ್‌ಬುಕ್ಕನ್ನು ಒಮ್ಮೆಯಾದರೂ ಅವಳ ಕೈಗೆ ಕೊಟ್ಟಿದ್ದೀರಾ? ಅದು ಓದಿಗೋ ಮದುವೆಗೋ ಎಂಬುದನ್ನು ಅವಳನ್ನು ಬಿಟ್ಟು ಊರೆಲ್ಲ ಚರ್ಚಿಸುತ್ತಿದೆಯಲ್ಲ?

ಇವತ್ತೇ ಒಂದು ನೋಟ್‌ಬುಕ್ ತನ್ನಿ. ಮೇಲೆ ಮಗುವಿನ ಹೆಸರು ಬರೆಯಿರಿ. ತಾತ ಕೊಟ್ಟದ್ದು, ಮಾವ ಕೊಟ್ಟದ್ದು, ಹುಂಡಿಯಿಂದ ತೆಗೆದದ್ದು ಎಲ್ಲ ಬರಲಿ. ನೆನಪಾಗದಿದ್ದರೆ ಮಗುವನ್ನೇ ಕೇಳಿ, ಪೈಸೆ ಬಿಡದೆ ಹೇಳುತ್ತದೆ. ಒಟ್ಟು ಹಾಕಿ ತೀರಿಸಿ. ಒಂದೇ ಸಲಕ್ಕೆ ಆಗದಿದ್ದರೆ ತಿಂಗಳಿಗೆ ನೂರರಂತೆ ಕಂತು ಮಾಡಿಕೊಳ್ಳಿ. ಪ್ರತಿ ಕಂತಿಗೂ ಮಗುವಿನ ಸಹಿ ಹಾಕಿಸಿಕೊಳ್ಳಿ.