ಹಸಿರುಮನೆಗೆ ಸರಿಯುವ ಮಾಡು

ಗಿಡಗಳಿಗೂ ಮನೆ ಕಟ್ಟುವ ಕಾಲ ಬಂತೇ ಎಂದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಿರಿಯರು ಕೆಲವು ವರ್ಷಗಳ ಹಿಂದೆ ನಗುತ್ತಿದ್ದುದುಂಟು. ಈಗ ಆ ನಗು ಕೇಳಿಸುವುದಿಲ್ಲ. ಕಾಳುಮೆಣಸಿನ ಬಳ್ಳಿ, ಅಡಿಕೆಯ ಸಸಿ, ಆಂಥೂರಿಯಂ ಹೂ ಮೊದಲಾದವನ್ನು ಮಾರಾಟಕ್ಕೆಂದು ಬೆಳೆಸುವವರು ಕಬ್ಬಿಣದ ಕೊಳವೆಗಳ ಕಮಾನು ನಿಲ್ಲಿಸಿ, ಅದರ ಮೇಲೆ ಪಾಲಿಥೀನ್ ಹಾಳೆಯನ್ನು ಬಿಗಿದು, ಪಾಲಿಹೌಸ್ ಎಂಬ ಹೆಸರಿನ ಹಸಿರುಮನೆಗಳನ್ನು ಕಟ್ಟಿಕೊಂಡಿದ್ದಾರೆ. ಅವರ ಸಾಹಸವನ್ನು ನಾನು ಮೆಚ್ಚುತ್ತೇನೆ. ಆದರೆ ಒಮ್ಮೆ ಹೊದಿಸಿದ ಮಾಡು ಹರಿದುಹೋಗುವವರೆಗೂ ಅಲುಗದೆ ಇರುವುದು ನಮ್ಮ ಹವೆಗೆ ಒಪ್ಪುವ ಕ್ರಮವಲ್ಲವೆಂದು ನನ್ನ ಅಭಿಪ್ರಾಯ. ಬೇಕಾದಾಗ ತೆರೆದು ಬೇಕಾದಾಗ ಮುಚ್ಚಬಹುದಾದ, ಪರದೆಯಂತೆ ಸರಿಯುವ ಮಾಡು ಇಲ್ಲಿಗೆ ತಕ್ಕುದು.

ಕಳೆದ ಏಪ್ರಿಲ್ ತಿಂಗಳಲ್ಲಿ ಸಿದ್ದಾಪುರದ ಕಡೆಯ ಒಬ್ಬ ವಿದ್ಯಾರ್ಥಿಯ ಮನೆಗೆ ಹೋಗಿದ್ದೆ. ಅವನ ತಂದೆ ಮೆಣಸಿನ ಸಸಿಗಳನ್ನು ಬೆಳೆಸಿ ಮಾರುವವರು. ಮಧ್ಯಾಹ್ನದ ಹೊತ್ತಿಗೆ ಅವರ ಪಾಲಿಹೌಸಿನೊಳಗೆ ಕಾಲಿಟ್ಟೆವು. ಬದಿಯ ಹಾಳೆಗಳನ್ನು ಎತ್ತಿ ಸುತ್ತಿಟ್ಟಿದ್ದರೂ ಒಳಗಿನ ಸೆಖೆಗೆ ಉಸಿರು ಕಟ್ಟಿತು. ಚೀಲಗಳಲ್ಲಿ ನೆಟ್ಟ ಬಳ್ಳಿಯ ತುಂಡುಗಳ ಎಳೆಯ ಎಲೆಗಳು ಜೋಲುಬಿದ್ದಿದ್ದವು. "ಇದು ಮನೆಯಲ್ಲ ಮಾಸ್ತರೇ, ಅಡಿಕೆ ಬೇಯಿಸುವ ಹಂಡೆ" ಎಂದರು ಅವರು. ಮಾತು ಹಾಸ್ಯದ್ದಾದರೂ ಅವರ ವರ್ಷದ ಗಳಿಕೆ ಆ ಚೀಲಗಳಲ್ಲಿತ್ತು.

ಹಂಡೆಯ ಮಾತು ಶಾಸ್ತ್ರಕ್ಕೂ ಹೊಂದುತ್ತದೆ. ಹಸಿರುಮನೆ ಬಿಸಿಯಾಗುವುದು ಏತಕ್ಕೆ? ನಮ್ಮ ಪಠ್ಯಗಳಲ್ಲಿ ಬಹುಕಾಲದಿಂದ ಬಂದ ಉತ್ತರ ಹೀಗಿದೆ: ಸೂರ್ಯನ ಬೆಳಕು ಗಾಜನ್ನು ಹಾದು ಒಳಬರುತ್ತದೆ, ನೆಲವು ಸೂಸುವ ಅವಕೆಂಪು ಕಿರಣಗಳು ಗಾಜನ್ನು ಹಾದು ಹೊರಹೋಗಲಾರವು, ಆದ್ದರಿಂದ ಶಾಖ ಸೆರೆಯಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ೧೯೦೯ರಲ್ಲಿ ಇದನ್ನು ಪರೀಕ್ಷಿಸಿದನು. ಒಂದೇ ಬಗೆಯ ಎರಡು ಪೆಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಗಾಜಿನ ಮುಚ್ಚಳವನ್ನೂ ಇನ್ನೊಂದಕ್ಕೆ ಕಲ್ಲುಪ್ಪಿನ ಹಲಗೆಯ ಮುಚ್ಚಳವನ್ನೂ ಇಟ್ಟನು. ಕಲ್ಲುಪ್ಪು ಅವಕೆಂಪು ಕಿರಣಗಳನ್ನು ತಡೆಯುವುದಿಲ್ಲ. ಹಳೆಯ ಉತ್ತರ ಸರಿಯಾಗಿದ್ದರೆ ಆ ಪೆಟ್ಟಿಗೆ ತಣ್ಣಗಿರಬೇಕಿತ್ತು. ಆದರೆ ಬಿಸಿಲನ್ನು ಮೊದಲೇ ಗಾಜಿನಲ್ಲಿ ಸೋಸಿ ಎರಡರ ಮೇಲೂ ಬಿಟ್ಟಾಗ ಎರಡೂ ಸುಮಾರು ೫೫ ಡಿಗ್ರಿ ಸೆಲ್ಸಿಯಸ್‌ಗೆ ಏರಿದವು. ನಡುವಿನ ಅಂತರ ಒಂದು ಡಿಗ್ರಿಯಷ್ಟೂ ಇರಲಿಲ್ಲ. ಮುಚ್ಚಿದ ಮನೆಯನ್ನು ಕಾಯಿಸುವುದು ಮುಖ್ಯವಾಗಿ ಸೆರೆಸಿಕ್ಕ ಗಾಳಿ. ಬಿಸಿಯಾದ ಗಾಳಿ ಮೇಲೇರಿ ತಂಪುಗಾಳಿ ಅದರ ಜಾಗಕ್ಕೆ ಬರುವ ಸಂವಹನಕ್ರಿಯೆಯನ್ನು ಮಾಡು ತಡೆದುಬಿಡುತ್ತದೆ. ಸಾದಾ ಪಾಲಿಥೀನ್ ಹಾಳೆ ಅವಕೆಂಪು ಕಿರಣಗಳನ್ನು ಬಹುಮಟ್ಟಿಗೆ ಹಾಯಗೊಟ್ಟರೂ ಪಾಲಿಹೌಸು ಹಂಡೆಯಾಗುವುದು ಇದೇ ಕಾರಣದಿಂದ. (ಇದನ್ನು ಓದಿ ವಾಯುಮಂಡಲದ ಹಸಿರುಮನೆ ಪರಿಣಾಮ ಸುಳ್ಳೆಂದು ಯಾರೂ ತಿಳಿಯಬಾರದು. ಅಲ್ಲಿ ಕೆಲಸ ಮಾಡುವುದು ವಿಕಿರಣವೇ. ಹೆಸರು ಮಾತ್ರ ಹೊಂದದ ಹೆಸರು.)

ಒಂದು ಗುಂಟೆ, ಅಂದರೆ ಸುಮಾರು ೧೦೦ ಚದರ ಮೀಟರ್ ನೆಲ, ನಾಲ್ಕು ಮೀಟರ್ ಎತ್ತರದ ಮನೆಯನ್ನು ಕಲ್ಪಿಸಿಕೊಳ್ಳಿ. ಅದರೊಳಗಿನ ಗಾಳಿ ೪೦೦ ಘನ ಮೀಟರ್. ನಮ್ಮ ಎತ್ತರದಲ್ಲಿ ಅದರ ತೂಕ ಸುಮಾರು ೪೪೦ ಕಿಲೋಗ್ರಾಂ. ನಡುಹಗಲಿನ ನಿಚ್ಚಳ ಬಿಸಿಲು ಚದರ ಮೀಟರಿಗೆ ಸುಮಾರು ೧೦೦೦ ವಾಟ್. ಅದರಲ್ಲಿ ಮಾಡು ತಡೆದದ್ದು, ಎಲೆಗಳು ನೀರನ್ನು ಆವಿ ಮಾಡಲು ವೆಚ್ಚಮಾಡಿದ್ದು ಎಲ್ಲವನ್ನೂ ಕಳೆದು ೩೫೦ ವಾಟ್ ಮಾತ್ರ ಗಾಳಿಯನ್ನು ಕಾಯಿಸಿತೆಂದು ಭಾವಿಸಿದರೂ, ಗಾಳಿ ಕದಲದಿದ್ದರೆ ಹನ್ನೆರಡು ಹದಿಮೂರು ಸೆಕೆಂಡಿಗೆ ಒಂದು ಡಿಗ್ರಿಯಂತೆ ಉಷ್ಣತೆ ಏರತೊಡಗುತ್ತದೆ. ಒಳಗಿನ ಗಾಳಿಯೆಲ್ಲ ನಿಮಿಷಕ್ಕೊಮ್ಮೆ ಬದಲಾದರೆ ಏರಿಕೆ ಐದು ಡಿಗ್ರಿಯ ಒಳಗೆ ನಿಲ್ಲುತ್ತದೆ. ನಿಮಿಷಕ್ಕೊಮ್ಮೆ ೪೦೦ ಘನ ಮೀಟರ್ ಗಾಳಿಯನ್ನು ಬದಿಯ ಕಿಂಡಿಗಳಿಂದಲೇ ಬದಲಿಸಬೇಕಾದರೆ ಹೊರಗೆ ಗಾಳಿ ಬೀಸುತ್ತಿರಬೇಕು. ಕಣಿವೆಗಳ ನಡುವೆ, ಮರಗಳ ಮರೆಯಲ್ಲಿ ಇರುವ ನಮ್ಮ ತೋಟಗಳಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಎಲೆಯೂ ಅಲುಗುವುದಿಲ್ಲ. ಬಿಸಿಗಾಳಿ ಹೋಗಬಯಸುವುದು ಮೇಲಕ್ಕೆ; ಅಲ್ಲಿಯೇ ನಾವು ಬಾಗಿಲನ್ನು ಮುಚ್ಚಿದ್ದೇವೆ.

ಬೇಸಗೆಯ ಕಥೆ ಇಷ್ಟು. ಮಳೆಗಾಲದ ಕಥೆ ಇದಕ್ಕಿಂತ ಮುಖ್ಯವಾದುದು. ಶಿರಸಿಯಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ. ಆಗ ಬೆಳಕೇ ದುರ್ಲಭ. ಹೊಸ ಹಾಳೆಯೂ ಬೆಳಕಿನ ಹತ್ತರಲ್ಲೊಂದು ಪಾಲನ್ನಾದರೂ ತಡೆಯುತ್ತದೆ. ಎರಡು ಮಳೆಗಾಲ ಕಂಡು ಪಾಚಿ ಕಟ್ಟಿದ ಹಾಳೆ ತಡೆಯುವುದು ಇನ್ನೂ ಹೆಚ್ಚು. ಸಸಿಗಳು ಬೆಳಕನ್ನರಸಿ ಸೊಣಕಲಾಗಿ ಉದ್ದಕ್ಕೆ ಬೆಳೆಯುತ್ತವೆ. ಒಳಗಿನ ಗಾಳಿ ತೇವದಿಂದ ತುಂಬಿ ಎಲೆಯ ಮೇಲಿನ ನೀರು ಆರುವುದೇ ಇಲ್ಲ.

ಎಲೆಯ ಮೇಲಿನ ಈ ತೆಳುನೀರಿನಲ್ಲಿಯೇ ನಮ್ಮ ಹಳೆಯ ಶತ್ರು ಈಜುತ್ತದೆ. ಅಡಿಕೆಯ ಕೊಳೆರೋಗವೂ ಮೆಣಸಿನ ಸೊರಗುರೋಗವೂ ಫೈಟಾಫ್ತೊರ ಎಂಬ ಒಂದೇ ಕುಲದ ಜೀವಿಗಳ ಕೆಲಸ. ಕೆನಡಾ ದೇಶದಿಂದ ಮೈಸೂರು ಸರ್ಕಾರದ ಸೇವೆಗೆ ಬಂದ ಲೆಸ್ಲಿ ಕೋಲ್‌ಮನ್ ೧೯೧೦ರಲ್ಲಿ ಕೊಳೆರೋಗದ ಮೇಲೆ ಪ್ರಬಂಧವನ್ನು ಪ್ರಕಟಿಸಿದನು. ನಮ್ಮ ಮೂರು ತಾಲ್ಲೂಕುಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರೋಗಕ್ಕೆ ಪ್ರಾಂತದ ಗಡಿ ತಿಳಿಯದಷ್ಟೆ. ಈ ಜೀವಿಯ ಬೀಜಕಣಗಳಿಗೆ ಸಣ್ಣ ಬಾಲಗಳಿವೆ. ನೀರಿನ ಪೊರೆ ಇದ್ದರೆ ಅವು ಈಜಿ ಹೊಸ ಎಲೆಯನ್ನೂ ಬೇರನ್ನೂ ಸೇರುತ್ತವೆ. ಸಸ್ಯಾಗಾರದಲ್ಲಿ ಸೋಂಕು ತಗಲಿದ ಮೆಣಸಿನ ಸಸಿ ನೋಡಲು ಹಸಿರಾಗಿಯೇ ಇರಬಹುದು. ಅದನ್ನು ಕೊಂಡವನು ತನ್ನ ತೋಟದಲ್ಲಿ ನೆಡುವಾಗ ರೋಗವನ್ನೂ ನೆಟ್ಟಂತಾಗುತ್ತದೆ, ಹತ್ತಾರು ವರ್ಷದ ಬಳ್ಳಿಗಳೂ ಅಪಾಯಕ್ಕೆ ಒಳಗಾಗುತ್ತವೆ. ಆದುದರಿಂದ ಸಸ್ಯಾಗಾರದ ಮಾಡಿನ ಪ್ರಶ್ನೆ ಅದರ ಒಡೆಯನೊಬ್ಬನ ಪ್ರಶ್ನೆಯಲ್ಲ.

ಸರಿಯುವ ಮಾಡಿನಲ್ಲಿ ಹಾಳೆಯನ್ನು ತಂತಿಗಳಿಂದ ತೂಗುಹಾಕಿ, ರಾಟೆ ಮತ್ತು ಹಗ್ಗದ ಸಹಾಯದಿಂದ ಮಡಿಕೆ ಮಡಿಕೆಯಾಗಿ ಒಂದು ಪಕ್ಕಕ್ಕೆ ಎಳೆಯುತ್ತಾರೆ. ಕೆನಡಾದ ಒಂಟೇರಿಯೊ ಪ್ರಾಂತದಲ್ಲಿ ಇಂಥ ಮನೆಗಳನ್ನೇ ಕಟ್ಟುವ ಕ್ರಾವೊ ಎಂಬ ಕಂಪನಿಯಿದೆ. ಅಲ್ಲಿ ಮೋಟಾರುಗಳು ಈ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮಾಡುತ್ತವೆ. ಬೆಳಗಿನ ಎಳೆಬಿಸಿಲಿಗೆ ತೆರೆದು, ಮಳೆ ಬಂದಾಗ ಮುಚ್ಚಿ, ಮಳೆ ಹೊಳವಾದೊಡನೆ ಮತ್ತೆ ತೆರೆದರೆ ಎಲೆ ಬೇಗ ಆರುತ್ತದೆ, ಬೆಳಕು ಪೂರ್ತಿಯಾಗಿ ಸಿಕ್ಕುತ್ತದೆ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದುಂಟು. ಯಾವಾಗಲೂ ಹಾಳೆಯ ಕೆಳಗೇ ಬೆಳೆದ ಸಸಿಯ ಎಲೆ ಮೆತ್ತಗೆ, ಅದರ ಮೇಣದ ಹೊದಿಕೆ ತೆಳ್ಳಗೆ. ಅದನ್ನು ಒಮ್ಮೆಗೇ ಬಯಲಿಗೆ ತಂದರೆ ಸುಟ್ಟುಹೋಗುತ್ತದೆ. ದಿನದಿನಕ್ಕೆ ಹೆಚ್ಚು ಹೊತ್ತು ಮಾಡು ತೆರೆದಿಟ್ಟರೆ ಸಸಿ ನಿಂತಲ್ಲಿಯೇ ಗಟ್ಟಿಯಾಗುತ್ತದೆ. ಮೆಣಸಿನ ಎಳೆಯ ತುಂಡುಗಳಿಗೆ ಬೇಸಗೆಯಲ್ಲಿ ನೆರಳು ಬೇಕೇ ಬೇಕು. ಅದಕ್ಕೆ ಹಾಳೆಯ ಕೆಳಗೆ ನೆರಳಿನ ಬಲೆ ಬೇರೆಯಾಗಿರಲಿ. ಬಲೆ ಗಾಳಿಯನ್ನು ಹಾಯಗೊಡುತ್ತದೆ.

ಇದನ್ನು ಪರದೇಶದ ಹೊಸ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ನಮ್ಮ ಕೊನೆಗಾರರು ಮರವೇರಿ ಅಡಿಕೆಯ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು, ಹಲವೆಡೆ ಈಗಲೂ ಪ್ಲಾಸ್ಟಿಕ್ ಕೊಟ್ಟೆಗಳನ್ನು ಕಟ್ಟುತ್ತಾರೆ. ಕೊಟ್ಟೆ ಮೇಲಿನ ಮಳೆಯನ್ನು ತಡೆಯುತ್ತದೆ, ಕೆಳಗಡೆ ತೆರೆದಿರುತ್ತದೆ, ಮಳೆ ಮುಗಿದ ಮೇಲೆ ಬಿಚ್ಚಿ ಇಡುವಂಥದು. ಸೊಪ್ಪಿನ ಚಪ್ಪರವನ್ನು ಹಾಕಿ ತೆಗೆಯುವುದೂ ಹೀಗೆಯೇ. ಹೊದಿಕೆ ಕಾಲಕ್ಕೆ ತಕ್ಕಂತೆ ಬರಬೇಕು, ಹೋಗಬೇಕು ಎಂಬುದು ಅವರಿಗೆ ತಿಳಿದಿತ್ತು. ಸ್ಥಿರವಾದ ಮಾಡು ಹುಟ್ಟಿದ್ದು ಚಳಿಯನ್ನು ಹೊರಗಿಡಬೇಕಾದ ದೇಶಗಳಲ್ಲಿ; ನಮಗೆ ಹೊರಗಿಡಬೇಕಾದದ್ದು ಮಳೆಯನ್ನು.

ಆಕ್ಷೇಪಗಳು ಇಲ್ಲದಿಲ್ಲ. ಒಂದೇ ದಿನ ೧೦೦ ಮಿಲಿಮೀಟರ್ ಮಳೆ ನಮ್ಮಲ್ಲಿ ಅಪರೂಪವಲ್ಲ. ಒಂದು ಗುಂಟೆಯ ಮಾಡಿನ ಮೇಲೆ ಅದು ಹತ್ತು ಟನ್ ನೀರು. ಸಡಿಲವಾದ ಹಾಳೆಯಲ್ಲಿ ನೀರು ನಿಂತರೆ ಎಲ್ಲವೂ ಕುಸಿಯುತ್ತದೆ. ಆದ್ದರಿಂದ ಚಪ್ಪಟೆಯಾದ ಪರದೇಶೀ ಮಾದರಿ ಇಲ್ಲಿಗೆ ಸಲ್ಲದು. ನಮ್ಮ ಹಂಚಿನ ಮನೆಗಳಂತೆ ಕಡಿದಾದ ಇಳಿಜಾರು ಬೇಕು. ಮಳೆ ಜೋರಾದಾಗಲೇ ವಿದ್ಯುತ್ತು ಹೋಗುವುದು ನಮಗೆಲ್ಲ ಗೊತ್ತಿದ್ದ ಸಂಗತಿ. ಮೋಟಾರಿಲ್ಲದೆ ಕೈಯಿಂದ ತಿರುಗಿಸುವ ರಾಟೆಯೇ ಲೇಸು. ಚಲಿಸುವ ಭಾಗಗಳು ಹೆಚ್ಚಿದಷ್ಟೂ ತುಕ್ಕು ಹೆಚ್ಚು, ದುರಸ್ತಿ ಹೆಚ್ಚು, ವೆಚ್ಚವೂ ಹೆಚ್ಚು, ಇದನ್ನು ಅಲ್ಲಗಳೆಯಲಾರೆ. ಆದರೆ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಗಂಟೆಗೆ ೭೨ ಕಿಲೋಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು ೨೨೦ ನ್ಯೂಟನ್ ಒತ್ತಡವನ್ನು ಉಂಟುಮಾಡಬಲ್ಲುದು. ೧೦೦ ಚದರ ಮೀಟರಿಗೆ ಅದು ಎರಡು ಟನ್ನಿಗೂ ಮೀರಿದ ಭಾರಕ್ಕೆ ಸಮ. ಮೇ ತಿಂಗಳ ಬಿರುಗಾಳಿಗೆ ಮುನ್ನ ಹಾಳೆಯನ್ನು ಮಡಿಸಿಟ್ಟರೆ ಗಾಳಿಗೆ ಸಿಕ್ಕುವುದು ಬರಿಯ ಕೊಳವೆಗಳು. ಮಂಗಗಳ ವಿಷಯವನ್ನೂ ಆ ಬೆಳೆಗಾರರು ಕೇಳಿದರು. ಅದಕ್ಕೆ ಭೌತಶಾಸ್ತ್ರದಲ್ಲಿ ನನಗೆ ಉತ್ತರ ಸಿಕ್ಕಲಿಲ್ಲ.

ವೆಚ್ಚದ ಮಾತಿಗೆ ನನ್ನ ಸಮಾಧಾನ ಬೇರೊಂದು ಕಡೆಯಿಂದ ಬರುತ್ತದೆ. ಮೆಣಸಿನ ತುಂಡುಗಳನ್ನು ಫೆಬ್ರವರಿ, ಮಾರ್ಚಿಯಲ್ಲಿ ಚೀಲಕ್ಕೆ ಹಾಕಿದರೆ ಮಳೆ ಹಿಡಿದ ಮೇಲೆ ಸಸಿಗಳು ಮಾರಾಟವಾಗುತ್ತವೆ. ನವೆಂಬರ್‌ನಿಂದ ಜನವರಿಯವರೆಗೆ ಆ ಮನೆ ಬಹುಪಾಲು ಬರಿದು. ಅಡಿಕೆ ಒಣಗಿಸಬೇಕಾದದ್ದು ಆಗಲೇ. ಹಣ್ಣಡಿಕೆ ಚಾಲಿಯಾಗಲು ನಲವತ್ತು ದಿನಗಳಷ್ಟು ಬಿಸಿಲು ಬೇಕು. ನಡುವೆ ಅಕಾಲದ ಮಳೆ ಬಂದರೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಅಂಗಳಕ್ಕೆ ಓಡಬೇಕು. ೨೦೧೯ರಲ್ಲಿ ಭೌಗೋಳಿಕ ಗುರುತು ಪಡೆದ ಶಿರಸಿ ಅಡಿಕೆಗೆ ಬೂಸಲು ಹಿಡಿದರೆ ಗುರುತಿನ ಬೆಲೆ ಬರುವುದಿಲ್ಲ. ಸ್ಥಿರವಾದ ಪಾಲಿಹೌಸಿನಲ್ಲಿಯೂ ಅಡಿಕೆ ಒಣಗಿಸುವವರುಂಟು. ಆದರೆ ಅಡಿಕೆ ಬಿಟ್ಟ ತೇವ ಒಳಗೇ ನಿಂತರೆ ಬಿಸಿ ಇದ್ದೂ ಒಣಗುವಿಕೆ ನಿಧಾನವಾಗುತ್ತದೆ. ಸರಿಯುವ ಮಾಡನ್ನು ಹಗಲು ತೆರೆದರೆ ನೇರ ಬಿಸಿಲೂ ಒಣಗಾಳಿಯೂ ದೊರೆಯುತ್ತವೆ. ಸಂಜೆ ಮುಚ್ಚಿದರೆ ಇಬ್ಬನಿ ಹಾಳೆಯ ಮೇಲೆ ಕೂರುತ್ತದೆ, ಅಡಿಕೆಯ ಮೇಲಲ್ಲ. ವರ್ಷಕ್ಕೆ ಎರಡು ಬಾರಿ ದುಡಿಯುವ ಮನೆಯ ವೆಚ್ಚವನ್ನು ಒಂದು ಬಾರಿ ದುಡಿಯುವ ಮನೆಯ ವೆಚ್ಚದೊಡನೆ ಹೋಲಿಸುವುದು ನ್ಯಾಯವಲ್ಲ.

ಸಮಗ್ರ ತೋಟಗಾರಿಕೆ ಅಭಿವೃದ್ಧಿ ಯೋಜನೆ ೨೦೧೪ರಲ್ಲಿ ಆರಂಭವಾಯಿತು. ಹಸಿರುಮನೆಗಳಿಗೆ ಅಂಗೀಕೃತ ವೆಚ್ಚದ ಅರ್ಧದಷ್ಟು ಸಹಾಯಧನವನ್ನು ಅದರಲ್ಲಿ ಇಟ್ಟಿದ್ದಾರೆ. ಆ ಹಣದ ಒಂದು ಸಣ್ಣ ಪಾಲು ಮಲೆನಾಡಿನ ಇಳಿಜಾರು ಮಾಡಿನ, ಕೈರಾಟೆಯ ಮನೆಯ ಪರೀಕ್ಷೆಗೆ ಸಲ್ಲಲಿ ಎಂದು ಕೇಳುತ್ತೇನೆ. ಶಿರಸಿಯಲ್ಲಿಯೇ ತೋಟಗಾರಿಕೆ ಮಹಾವಿದ್ಯಾಲಯವೂ ಅರಣ್ಯ ಮಹಾವಿದ್ಯಾಲಯವೂ ಇವೆ. ಒಂದೇ ಅಳತೆಯ ಎರಡು ಮನೆ, ಒಂದಕ್ಕೆ ಸ್ಥಿರವಾದ ಮಾಡು, ಇನ್ನೊಂದಕ್ಕೆ ಸರಿಯುವ ಮಾಡು. ಎರಡರಲ್ಲಿಯೂ ಒಣ ಮತ್ತು ಒದ್ದೆ ಬುಡದ ಉಷ್ಣಮಾಪಕಗಳು. ಸತ್ತ ಸಸಿಗಳ ಎಣಿಕೆ. ಸಿದ್ದಾಪುರದ ನನ್ನ ವಿದ್ಯಾರ್ಥಿ ಅಷ್ಟು ಕಾಯದೆ, ತಂದೆಯ ಒಪ್ಪಿಗೆ ಪಡೆದು, ಹಳೆಯ ಮನೆಯ ನೆತ್ತಿಯ ಹಾಳೆಯನ್ನು ಒಂದು ಮೀಟರ್ ಅಗಲಕ್ಕೆ ಕತ್ತರಿಸಿ, ಸೈಕಲ್ಲಿನ ಹಲ್ಲುಚಕ್ರ ಮತ್ತು ಸರಪಳಿಯಿಂದ ಎಳೆಯುವ ಮುಚ್ಚಳವನ್ನು ಮಾಡಿದ್ದಾನೆ. ಪ್ರತಿದಿನ ಮಧ್ಯಾಹ್ನ ಎರಡು ಗಂಟೆಗೆ ಒಳಗಿನ ಮತ್ತು ಹೊರಗಿನ ಉಷ್ಣತೆಯನ್ನು ಬರೆದಿಡುವಂತೆ ಅವನಿಗೆ ಹೇಳಿದ್ದೇನೆ.