ಬಡವರ ಬೆಕ್ಕೂ ಪಶುವೈದ್ಯಶಾಲೆಯೂ

ಕಳೆದ ಮಳೆಗಾಲದ ಒಂದು ಸಂಜೆ ಸಿದ್ದಾಪುರದ ಪೇಟೆಯಲ್ಲಿ, ಬಾಳೆಬರೆ ಘಾಟಿಯ ಕಡೆಗೆ ಧಾವಿಸುತ್ತಿದ್ದ ಮೋಟಾರೊಂದರ ಚಕ್ರಕ್ಕೆ ತಾಗಿ ಬೆಕ್ಕೊಂದು ಸೊಂಟ ಜಜ್ಜಿಕೊಂಡು ಬಿದ್ದಿತು. ಅದು ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ಬಡ ಹೆಂಗಸೊಬ್ಬಳ ಮನೆಯ ಬೆಕ್ಕು. ಆಕೆ ಅದನ್ನು ಗೋಣಿಯಲ್ಲಿ ಸುತ್ತಿ, ಅಂದಿನ ಕೂಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ನಮ್ಮ ಕಣ್ಣೆದುರಿಗೇ ಬಾಗಿಲಿಂದ ಬಾಗಿಲಿಗೆ ಅಲೆದಳು. ಒಂದು ಕಡೆ ಬಾಗಿಲು ಮುಚ್ಚಿತ್ತು. ಇನ್ನೊಂದು ಕಡೆ ದನಗಳ ಔಷಧ ಮಾತ್ರ ಇತ್ತು. ನೋಡುತ್ತ ನಿಂತವರಲ್ಲಿ ಒಬ್ಬರು, "ಬೆಕ್ಕಿಗೂ ವೈದ್ಯರೇ? ಇನ್ನೊಂದು ಮರಿಯನ್ನು ತಂದರಾಯಿತಲ್ಲವೇ?" ಎಂದು ನಕ್ಕರು. ಮತ್ತೊಬ್ಬರು ಕರುಣೆಯಿಂದಲೇ ಜ್ವರದ ಮಾತ್ರೆಯೊಂದನ್ನು ಅರ್ಧ ಮುರಿದು ಕೊಡಲು ಬಂದರು. ಮನುಷ್ಯನ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷವೆಂಬುದನ್ನು ಬಲ್ಲವರೊಬ್ಬರು ಅಲ್ಲಿ ಇದ್ದುದರಿಂದ ಅದರ ಪ್ರಾಣ ಉಳಿಯಿತು. ಮರುದಿನ ಆಕೆ ಕೂಲಿಯನ್ನು ಬಿಟ್ಟು, ಸಾಲ ಮಾಡಿ, ಬಸ್ಸಿನಲ್ಲಿ ದೂರದ ಪಟ್ಟಣಕ್ಕೆ ಹೋದಳು. ಆ ಒಂದು ಯಾತ್ರೆಗೆ ಆಕೆಯ ವಾರದ ಕೂಲಿಯೆಲ್ಲವೂ ಕರಗಿತು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟವೆಂಬ ಗಾದೆಯನ್ನು ನಮ್ಮ ವಾಚಕರು ಬಲ್ಲರು. ಇಲ್ಲಿ ಪ್ರಾಣಸಂಕಟವು ಬೆಕ್ಕಿನದೂ ಅದನ್ನು ಸಾಕಿದ ಬಡವರದೂ ಆಗಿದೆ. ಇದು ಕ್ಷುಲ್ಲಕ ವಿಷಯ, ಸಂಪಾದಕೀಯಕ್ಕೆ ತಕ್ಕುದಲ್ಲ ಎಂದು ಕೆಲವರು ಭಾವಿಸಬಹುದು. ಆದರೆ ಅಕ್ಕಿಯ ಮುಡಿಯನ್ನೂ ಅಡಿಕೆಯ ಚೀಲವನ್ನೂ ಇಲಿಗಳಿಂದ ಕಾಯುವ ಈ ಜೀವವು ಸಂಬಳವಿಲ್ಲದ ಸೇವಕನಲ್ಲವೇ? ಸೇವೆಯನ್ನು ಪಡೆಯುವಾಗ ಮನೆಯವನೆಂದೂ, ಗಾಯಗೊಂಡಾಗ ಯಾರೂ ಅಲ್ಲವೆಂದೂ ಎಣಿಸುವುದು ನ್ಯಾಯವಲ್ಲ.

ಸರಕಾರದ ಲೆಕ್ಕದಲ್ಲಿಯಾದರೂ ಬೆಕ್ಕು ಇದೆಯೋ ಎಂದರೆ ಅದೂ ಇಲ್ಲ. 2019ರ ಇಪ್ಪತ್ತನೆಯ ಜಾನುವಾರು ಗಣತಿಯಲ್ಲಿ ದನ, ಎಮ್ಮೆ, ಕುರಿ, ಆಡು, ಹಂದಿಗಳಲ್ಲದೆ ನಾಯಿ, ಮೊಲ, ಆನೆಗಳನ್ನೂ ಎಣಿಸಲಾಯಿತು, ಬೆಕ್ಕನ್ನು ಎಣಿಸಲಿಲ್ಲ. 2024ರಲ್ಲಿ ಆರಂಭವಾದ ಇಪ್ಪತ್ತೊಂದನೆಯ ಗಣತಿಯ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನ ದೊರೆಯಲಿಲ್ಲ. ಲೆಕ್ಕಕ್ಕೆ ಬಾರದುದಕ್ಕೆ ಆಯವ್ಯಯ ಪತ್ರದಲ್ಲಿ ಹಣ ಹೇಗೆ ಬಂದೀತು?

ಇದಕ್ಕೆ ಐತಿಹಾಸಿಕ ಕಾರಣವುಂಟು. ನಮ್ಮ ಜಿಲ್ಲೆಯು ಮದ್ರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1903ರಲ್ಲಿ, ಮದ್ರಾಸಿನ ಪಶುವೈದ್ಯ ಕಾಲೇಜು ಸ್ಥಾಪಿತವಾಯಿತು. ಆ ಕಾಲದ ದೊಡ್ಡ ಚಿಂತೆ ಉಳುವ ಎತ್ತಿನದೂ ಹಾಲು ಕೊಡುವ ಹಸುವಿನದೂ ಆಗಿತ್ತು. ಹಟ್ಟಿ ಹಟ್ಟಿಗಳನ್ನೇ ಬರಿದುಮಾಡುತ್ತಿದ್ದ ರಿಂಡರ್‌ಪೆಸ್ಟ್ ಎಂಬ ಮಹಾಮಾರಿಯು 2011ರಲ್ಲಿ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಯಿತು. ಪಶುವೈದ್ಯರ ಈ ಕೀರ್ತಿ ಸಾಮಾನ್ಯವಾದುದಲ್ಲ. ಇಂದಿಗೂ ಗ್ರಾಮದ ವೈದ್ಯರು ಒಂದೂರಿನಲ್ಲಿ ಹಸುವಿನ ಹೆರಿಗೆಗೂ ಇನ್ನೊಂದೂರಿನಲ್ಲಿ ಕಾಲುಬಾಯಿ ಜ್ವರದ ಲಸಿಕೆಗೂ ಓಡುತ್ತಿರುವರು. ಆದುದರಿಂದ ನಮ್ಮ ಆಕ್ಷೇಪವು ಅವರ ಮೇಲಲ್ಲ, ಅವರ ಕೈಗೆ ಸಾಧನವನ್ನು ಕೊಡದ ವ್ಯವಸ್ಥೆಯ ಮೇಲೆ.

ಕಾನೂನಿನ ಕೊರತೆಯಿಲ್ಲ. ಶ್ರೀಮತಿ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಪಟ್ಟ ಶ್ರಮದ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣಾ ಶಾಸನವು ಹುಟ್ಟಿತು. 1976ರ ತಿದ್ದುಪಡಿಯಿಂದ ಜೀವದಯೆಯು ಸಂವಿಧಾನದಲ್ಲಿಯೇ ಪೌರನ ಕರ್ತವ್ಯವೆಂದು ಬರೆಯಲ್ಪಟ್ಟಿತು. 2001ರ ನಿಯಮಗಳು ಜಿಲ್ಲೆಗೊಂದು ಪ್ರಾಣಿದಯಾ ಸಂಘವಿರಬೇಕೆಂದೂ, ಅದರ ಚಿಕಿತ್ಸಾಲಯಕ್ಕೆ ಸರಕಾರವು ಸ್ಥಳವನ್ನು ಕೊಡಬೇಕೆಂದೂ, ಅಲ್ಲಿ ಪೂರ್ಣಕಾಲದ ಪಶುವೈದ್ಯರಿರಬೇಕೆಂದೂ ವಿಧಿಸಿವೆ. ಬರೆದುದು ಇಷ್ಟಿದ್ದರೂ ಘಟ್ಟದ ಬುಡದ ಬಡವಳಿಗೆ ದಕ್ಕಿದುದು ಬಸ್ಸಿನ ಚೀಟಿ ಮಾತ್ರ. ಬೆಂಗಳೂರಿನಂಥ ನಗರದಲ್ಲಿ 1991ರಿಂದ ಕ್ಯೂಪಾದಂಥ ಸಂಸ್ಥೆಗಳು ದಿಕ್ಕಿಲ್ಲದ ಪ್ರಾಣಿಗಳ ಶುಶ್ರೂಷೆಯನ್ನು ಕೈಗೊಂಡಿವೆ. ಸಿದ್ದಾಪುರದಂಥ ಊರಿಗೆ ಆ ಭಾಗ್ಯವೆಲ್ಲಿ?

ಮನುಷ್ಯರಿಗೇ ವೈದ್ಯರು ಸಾಲದಿರುವಾಗ ಬೆಕ್ಕಿನ ಚಿಂತೆಯೇಕೆಂಬ ಪ್ರಶ್ನೆಯು ಬಲವಾದುದು. ಅದನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ನಾವು ಹೊಸ ಸೌಧವನ್ನು ಕೇಳುತ್ತಿಲ್ಲ. ಇರುವ ಪಶುವೈದ್ಯಶಾಲೆಯಲ್ಲಿ ವಾರಕ್ಕೆ ಎರಡು ದಿನ, ಒಂದೊಂದು ಗಂಟೆ, ಸಣ್ಣ ಪ್ರಾಣಿಗಳಿಗೆಂದು ಗೊತ್ತುಪಡಿಸಿ, ಆ ಹೊತ್ತನ್ನೂ ಶುಲ್ಕವನ್ನೂ ಫಲಕದಲ್ಲಿ ಬರೆಯಿಸಲಿ. ಬೆಕ್ಕಿಗೆ ಸಲ್ಲುವ ನೋವಿನ ಔಷಧವನ್ನೂ ಗಾಯದ ಔಷಧವನ್ನೂ ಅಲ್ಲಿ ಇರಿಸಲಿ. ತಾಲೂಕು ಕೇಂದ್ರದಲ್ಲಿ ಸಣ್ಣ ಪ್ರಾಣಿಗಳ ಎಕ್ಸ್‌ರೇಗೆ ಏರ್ಪಾಡಾಗಲಿ. 1962 ಎಂಬ ದೂರವಾಣಿ ಸಂಖ್ಯೆಗೆ ಕರೆದರೆ ಬರುವ ಸಂಚಾರಿ ಪಶುಚಿಕಿತ್ಸಾ ವಾಹನಗಳನ್ನು ನಮ್ಮ ರಾಜ್ಯವು ಆರಂಭಿಸಿತು. ಹಟ್ಟಿಯ ಹಸುವಿಗಾಗಿ ಬಂದ ವಾಹನವು ಅದೇ ಬೀದಿಯ ಬೆಕ್ಕನ್ನೂ ನೋಡಿ ಹೋಗಬೇಕೆಂದು ಸ್ಪಷ್ಟವಾದ ಆಜ್ಞೆಯೊಂದನ್ನು ಹೊರಡಿಸಿದರೆ ಬೊಕ್ಕಸವೇನೂ ಬರಿದಾಗದು.

ಮಹಾಜನರ ಪಾಲಿನ ಕೆಲಸವೂ ಇದೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಲ್ಲಿ ಸಂಗ್ರಹಿಸಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತಾದರೂ ಅದು ಕಲಿಸಿದ ಪಾಠ ನಮ್ಮದಾಗಿಯೇ ಉಳಿದಿದೆ. ಹತ್ತು ಮನೆಯವರು ದಿನಕ್ಕೊಂದು ರೂಪಾಯಿಯಂತೆ ಡಬ್ಬಿಗೆ ಹಾಕಿದರೆ ವರ್ಷಕ್ಕೆ 3,650 ರೂಪಾಯಿಗಳಾಗುವುವು. ದೊಡ್ಡ ಶಸ್ತ್ರಚಿಕಿತ್ಸೆಗೆ ಇದು ಸಾಲದಿರಬಹುದು. ಆದರೆ ಅಪರಾತ್ರಿಯಲ್ಲಿ ಸಾಲಕ್ಕೆ ಕೈಚಾಚುವುದನ್ನು ತಪ್ಪಿಸೀತು.

ಸಾಕಿದವರು ತಿಳಿದಿರಬೇಕಾದ ಕೆಲವು ಮಾತುಗಳಿವೆ. ಮನುಷ್ಯರ ಮಾತ್ರೆಯನ್ನು ಕೊಡಬಾರದು. ಫಿನೈಲು, ಸೀಮೆ ಎಣ್ಣೆಗಳನ್ನು ಗಾಯಕ್ಕೆ ಹಚ್ಚಬಾರದು. ಕುದಿಸಿ ಆರಿಸಿದ ಉಪ್ಪುನೀರಿನಿಂದ ಗಾಯವನ್ನು ತೊಳೆದು, ಗಾಳಿಯಾಡುವ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಅಲುಗಾಡದಂತೆ ಒಯ್ಯಬೇಕು. ಬಾಯಿ ತೆರೆದು ಏದುಸಿರು ಬಿಡುವ ಬೆಕ್ಕಿಗೆ ನಾಳೆಯೆಂಬುದಿಲ್ಲ. ನೊಂದ ಬೆಕ್ಕು ಒಡತಿಯನ್ನೂ ಕಚ್ಚೀತು. ಕಚ್ಚಿದರೆ ಸಾಬೂನಿನಿಂದ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಹುಚ್ಚುರೋಗದ ಲಸಿಕೆಗಾಗಿ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ವೈದ್ಯರೆದುರಿಗೆ ಮೊದಲೇ "ನನ್ನಲ್ಲಿರುವುದು ಇಷ್ಟು" ಎಂದು ಹೇಳುವುದರಲ್ಲಿ ನಾಚಿಕೆಯಿಲ್ಲ. ಇಂದೇ ಆಗಬೇಕಾದುದಾವುದು, ಕಾಯಬಹುದಾದುದಾವುದು ಎಂಬುದನ್ನು ಅವರು ಆಗ ವಿಂಗಡಿಸಿ ಹೇಳಬಲ್ಲರು.

ಮೇಲೆ ಹೇಳಿದ ಬೆಕ್ಕಿಗೆ ಹಾಗೆಯೇ ಆಯಿತು. ಶಸ್ತ್ರಚಿಕಿತ್ಸೆಗೆ ಹಣವಿಲ್ಲವೆಂದು ಆಕೆ ನಿಜವನ್ನು ನುಡಿದಾಗ, ಇಂಥ ಕೆಲವು ಮುರಿತಗಳು ವಿಶ್ರಾಂತಿಯಿಂದಲೇ ಕೂಡಿಕೊಳ್ಳುವುವೆಂದು ವೈದ್ಯರು ತಿಳಿಸಿ, ಕೆಲವು ವಾರ ಪೆಟ್ಟಿಗೆಯಲ್ಲಿಡಲು ಹೇಳಿದರು. ಈಗ ಅದು ಕುಂಟುತ್ತ ನಡೆಯುತ್ತದೆ, ಇಲಿಯನ್ನೂ ಹಿಡಿಯುತ್ತದೆ. ಆದರೆ ಆ ಎರಡು ಮಾತುಗಳನ್ನು ಕೇಳುವುದಕ್ಕೆ ಆಕೆ ಒಂದು ರಾತ್ರಿ ಕಣ್ಣೀರಿಡಬೇಕಾಯಿತು, ಒಂದು ವಾರದ ಕೂಲಿಯನ್ನು ತೆರಬೇಕಾಯಿತು. ಆ ಮಾತುಗಳು ಸಿದ್ದಾಪುರದಲ್ಲಿಯೇ ಸಿಗುವಂತಾಗಲೆಂಬುದು ಅಧಿಕಾರವರ್ಗಕ್ಕೂ ಪಂಚಾಯತಿಯ ಸದಸ್ಯರಿಗೂ ನಮ್ಮ ವಿಜ್ಞಾಪನೆ. ಬೆಕ್ಕಿಗೆ ಗಂಟೆ ಕಟ್ಟುವವರಾರೆಂದು ಇಲಿಗಳು ಚಿಂತಿಸಿದುವಂತೆ. ಬೆಕ್ಕಿಗೆ ಪಟ್ಟಿ ಕಟ್ಟುವವರಾರೆಂದು ನಾವು ಇನ್ನೂ ಚಿಂತಿಸುತ್ತ ಕುಳಿತಿರುವುದು ನಮ್ಮ ನಾಗರಿಕತೆಗೆ ಶೋಭಿಸುವುದಿಲ್ಲ.