ಹಿಂದೆ ಸರಿದವನು ಹೇಡಿಯೇ?

ಮುಷ್ಟಿಕಾಳಗದಲ್ಲಿ ನೆಲಕ್ಕುರುಳಿದವನನ್ನು ಲೋಕವು ಕ್ಷಮಿಸುತ್ತದೆ. ತಾನಾಗಿ ಕೈಚೆಲ್ಲಿದವನನ್ನು ಕ್ಷಮಿಸುವುದಿಲ್ಲ. 1980ರ ನವೆಂಬರ್ 25ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಪನಾಮದ ರಾಬರ್ಟೊ ಡುರಾನ್, ಶುಗರ್ ರೇ ಲೆನಾರ್ಡನೊಡನೆ ಸೆಣಸುತ್ತ 8ನೆಯ ಸುತ್ತಿನಲ್ಲಿ ಬೆನ್ನು ತಿರುಗಿಸಿದನು. ಅವನ ಹಿಂದಿನ ಶೌರ್ಯವೆಲ್ಲವೂ ಆ ಒಂದು ಕ್ಷಣದಲ್ಲಿ ಮರೆತುಹೋಯಿತು.

ಆದರೆ ಪಟ್ಟುಬಿಡದವನ ಗತಿಯೇನು? 1982ರಲ್ಲಿ ದಕ್ಷಿಣ ಕೊರಿಯದ ಡುಕ್ ಕೂ ಕಿಮ್ 14ನೆಯ ಸುತ್ತಿನವರೆಗೆ ಕಾದಾಡಿ ಕುಸಿದು, ಕೆಲವೇ ದಿನಗಳಲ್ಲಿ ಅಸುನೀಗಿದನು. ಆ ಸಾವಿನ ತರುವಾಯವೇ ವಿಶ್ವ ಪ್ರಶಸ್ತಿಯ ಸ್ಪರ್ಧೆಗಳು 15 ಸುತ್ತುಗಳಿಂದ 12ಕ್ಕೆ ಇಳಿದವು.

2020ರ ನವೆಂಬರಿನಲ್ಲಿ ಲಂಡನ್ನಿನ ಡೇನಿಯಲ್ ಡುಬಾಯ್ಸ್, ಜೋ ಜಾಯ್ಸನ ಎದುರು 10ನೆಯ ಸುತ್ತಿನಲ್ಲಿ ಮಂಡಿಯೂರಿದಾಗ ಹೇಡಿಯೆಂಬ ನಿಂದೆಗೆ ಗುರಿಯಾದನು. ಅವನ ಎಡಗಣ್ಣಿನ ಗೂಡಿನ ಮೂಳೆಯೇ ಮುರಿದಿದ್ದಿತು. ಕಣ್ಣುಳಿಸಿಕೊಂಡ ಆತನೇ 2024ರಲ್ಲಿ ಆಂಟನಿ ಜೋಶುವಾನನ್ನು 5ನೆಯ ಸುತ್ತಿನಲ್ಲಿ ಕೆಡವಿದನು.

ಕಣದ ಹೊರಗೆ ಕುಳಿತವನಿಗೆ ಪೆಟ್ಟಿನ ನೋವು ತಿಳಿಯದು. ನೋವನ್ನು ಸಹಿಸುವುದು ಧೈರ್ಯವೆಂಬುದು ದಿಟ. ಅಪಾಯವನ್ನರಿತು ನಿಲ್ಲುವುದೂ ಧೈರ್ಯವೇ. ನಾಯಕನಹಟ್ಟಿಯ ಆಟದ ಬಯಲಿನಲ್ಲಿ ಬಾಲಕನೊಬ್ಬನು ‘ಇನ್ನಾಗದು’ ಎಂದರೆ, ಗೆಳೆಯರು ನಗುವ ಮುನ್ನ, ಗುರುಗಳು ಗದರುವ ಮುನ್ನ, ಎಲ್ಲಿ ನೋವೆಂದು ಕೇಳುವುದು ಲೇಸು. ಪಂದ್ಯವನ್ನು ಮತ್ತೆ ಆಡಬಹುದು. ಹೋದ ಕಣ್ಣು, ಹೋದ ಜೀವ ಮರಳಿ ಬಾರವು.